ನನ್ನ ಮುಖವನ್ನು ಒಪ್ಪದ ಜೈಲಿನ ಯಂತ್ರಕ್ಕೆ

ರೆಪ್ಪೆ ಮಿಟುಕಿಸದ ಮಹಾನುಭಾವರೂ, ಹರಿಹರ ರಸ್ತೆಯ ಹೊಸ ಬಿಗಿಭದ್ರತೆಯ ಜೈಲಿನ ಹೆಬ್ಬಾಗಿಲಲ್ಲಿ ವಿರಾಜಮಾನರೂ ಆದ ಮಾನ್ಯ ಮುಖಗುರುತು ಯಂತ್ರದವರೇ,

ದಾವಣಗೆರೆ ನಿಟ್ಟುವಳ್ಳಿಯ ನಾಟಕದ ವಾಮದೇವಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಿನ್ನೆ ಸಂಜೆಯಿಂದ ತಮ್ಮ ಗೇಟಿನ ಒಳಗೇ, ಬೆಂಚಿನ ಮೇಲಿದ್ದೇನೆ. ಇಂದು ನಾಲ್ಕು ಗಂಟೆಗೆ ನನ್ನ ಮಗಳು ಆಶಾರಾಣಿಯನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುತ್ತಾರೆ. ಅಷ್ಟರೊಳಗೆ ಮನೆ ಸೇರಬೇಕೆಂಬುದು ನನ್ನ ಅಲ್ಪ ಆಸೆ.

ಮೊದಲು ತಮ್ಮ ಅರಮನೆಗೆ ಜಯಕಾರ! ಒಬ್ಬ ಕೈದಿಗೆ ಒಂದು ಕೋಣೆ, ಮೂಲೆಮೂಲೆಗೂ ಕ್ಯಾಮೆರಾ, ಒಂದು ಮುಚ್ಚದೆ ಇನ್ನೊಂದು ತೆರೆಯದ ಜೋಡಿ ಬಾಗಿಲು, ನಟ್ಟನಡುವೆ ಕಾವಲು ಗೋಪುರ. ನಲವತ್ತು ವರ್ಷ ಪರದೆಯ ಮೇಲೆ ಬರೆದ ಕೋಟೆಯಲ್ಲಿ ರಾಜ್ಯವಾಳಿದ ನನಗೆ, ಗಾಳಿಗೆ ಅಲುಗದ ಗೋಡೆ ಕಂಡು ಕಣ್ಣು ತುಂಬಿ ಬಂತು.

ಕೈದಿಗಳ ಮನಪರಿವರ್ತನೆಗೆಂದು ನಿನ್ನೆ ನಮ್ಮ ನಾಟಕವಿತ್ತು. ಬಣ್ಣಕ್ಕೆ ಎರಡು ತಾಸು ಬೇಕಲ್ಲ ಎಂದು ನಾನೊಬ್ಬನೇ ಮನೆಯಿಂದಲೇ ಚಂಡಪ್ರತಾಪ ಮಹಾರಾಜನಾಗಿ, ಗಲ್ಲಕ್ಕೆ ಕೆಂಪು ಬಳಿದು, ಗೇಣುದ್ದದ ಮೀಸೆ ಅಂಟಿಸಿಕೊಂಡು ಬಂದೆ. ತಾವು ಆ ಮುಖವನ್ನು ಮೆಚ್ಚಿ, ಬರೆದುಕೊಂಡು, ಹಸಿರು ದೀಪ ಬೆಳಗಿದಿರಿ. ನಾಟಕ ಮುಗಿದು, ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ತೆಗೆದು, ಹೆತ್ತವ್ವ ಕೊಟ್ಟ ಮುಖ ಹೊತ್ತು ಬಂದರೆ ಕೆಂಪು ದೀಪ! ತಂಡದವರೆಲ್ಲ ಹೊರಗೆ, ನಾನು ಒಳಗೆ. ಒಳಗೆ ಬಂದೇ ಇಲ್ಲದವನನ್ನು ಹೊರಗೆ ಬಿಡುವುದು ಹೇಗೆ ಎಂಬ ತಮ್ಮ ತರ್ಕಕ್ಕೆ ಶರಣು, ಶರಣಾರ್ಥಿ.

ಮತ್ತೆ ರಾಜನಾಗೋಣವೆಂದರೆ ಅದಕ್ಕೂ ದಾರಿಯಿಲ್ಲ. ಮುಖದ ಮೇಲಿದ್ದಾಗ ಮುಖವೇ ಆಗಿದ್ದ ಮೀಸೆ, ಕೈಗೆ ಬಂದೊಡನೆ ವೇಷ ಮರೆಸುವ ನಿಷೇಧಿತ ವಸ್ತುವಾಗಿ, ಅರಗಿನ ಮುದ್ರೆ ಬಿದ್ದ ಚೀಲ ಸೇರಿತು. ಸಂಜೆಯ ಎಣಿಕೆಯಲ್ಲಿ ಒಬ್ಬ ರಾಜ ಕಡಿಮೆ, ಒಬ್ಬ ಮುದುಕ ಹೆಚ್ಚು. ಸೈರನ್ ಮೊಳಗಿತು, ನಾಯಿಗಳು ಬಂದವು. ರಾಜನನ್ನು ಹತ್ತಿರದಿಂದ ಬಲ್ಲವನೆಂದು ಹುಡುಕುವ ತಂಡಕ್ಕೆ ನನ್ನನ್ನೇ ಸೇರಿಸಿದರು. ಪ್ರಾಮಾಣಿಕವಾಗಿ ಹುಡುಕಿದೆ, ಸಿಗಲಿಲ್ಲ.

ಕಾವಲಿನ ಬಿಲಾಲ್ ಚಹಾ ಕೊಟ್ಟು, "ಯಜಮಾನ್ರೇ, ರಾಜ ನೀವೇ ಅಂತ ನಂಗೆ ಗೊತ್ತೈತ್ರಿ. ಆದ್ರೆ ಸಿಸ್ಟಮ್ ಒಪ್ಬೇಕಲ್ರಿ?" ಎಂದ. ಜೈಲಿನ ಫೋನಿನಲ್ಲಿ ಹೆಂಡತಿ ರಂಗವ್ವ, "ಹೆಣ್ಣಿನ ಅಪ್ಪ ಎಲ್ಲಿ ಅಂದ್ರೆ ಜೈಲ್ನಾಗೆ ಅದಾರೆ ಅಂತ ಹೇಳ್ಲೇನ್ರಿ? ನಿಮ್ ಮೀಸಿಗಿಷ್ಟು ಬೆಂಕಿ ಹಾಕ!" ಎಂದು ಆಶೀರ್ವದಿಸಿದಳು.

ಆದ್ದರಿಂದ ಪ್ರಭುಗಳೇ, ನಾನು ಈಗಷ್ಟೇ ಒಳಗೆ ಬಂದೆನೆಂದು ಬರೆದುಕೊಂಡು, ಬಂದ ಕಾಲಲ್ಲೇ ಹೊರಗಟ್ಟಿ. ಅದಾಗದಿದ್ದರೆ ತಾವೇ ಗೋಡೆಯಿಂದಿಳಿದು, ಆಟೋ ಹತ್ತಿ ನಿಟ್ಟುವಳ್ಳಿಗೆ ಹೋಗಿ, ಹೆಣ್ಣಿನ ತಂದೆಯಾಗಿ ನನ್ನ ಕುರ್ಚಿಯಲ್ಲಿ ಕೂತು ಬೀಗರಿಗೆ ಹಸಿರು ದೀಪ ತೋರಿಸಿ.

ತಾವು ಇನ್ನೂ ಗುರುತಿಸಬೇಕಿರುವ ತಮ್ಮ ವಿಶ್ವಾಸಿ,
ವಾಮದೇವಪ್ಪ

ಮತ್ತೊಂದು ಮಾತು: ಬಿಲಾಲ್ ಈಗ ತಂದ ಸುದ್ದಿ. ಗಂಡಿನ ಕಡೆಯ ಏಳು ಮಂದಿಯನ್ನು ಕರೆದುಕೊಂಡು ರಂಗವ್ವ ಇಲ್ಲಿಗೇ ಹೊರಟಿದ್ದಾಳಂತೆ. ಮಾತುಕತೆ ಕೈದಿಗಳ ಭೇಟಿ ಕೋಣೆಯ ಗಾಜಿನ ಆಚೆ ಈಚೆ ಕೂತು. "ನಮ್ಗೆ ಹುಡ್ಗಿ ಸಾಕ್ರಿ, ಮತ್ತೇನೂ ಬ್ಯಾಡ" ಎನ್ನುತ್ತಿರುವ ಅವರ ಇಂದಿನ ಮುಖಗಳನ್ನು ದಯವಿಟ್ಟು ಚೆನ್ನಾಗಿ ದಾಖಲಿಸಿಕೊಳ್ಳಿ. ಮದುವೆಯಾದ ಮೇಲೆ ಬೇರೆ ಮುಖ ಹೊತ್ತು ಬಂದರೆ, ಅವರನ್ನೂ ನನ್ನಂತೆಯೇ ಈ ಬೆಂಚಿನ ಮೇಲೆ ಕೂರಿಸಿ.