ಕೆಂಪು ಕಾರಿಗೆ ರಬ್ಬರಿನ ಸೆರಗು

ಚಿನ್ಮಯಿ, ತೇಜು, ಮೊದಲೇ ಹೇಳಿಬಿಡುತ್ತೇನೆ: ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಕಾರು ಓಡಿಸುವ ಅಜ್ಜಿ ನಾನೊಬ್ಬಳೇ. ಈ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಬರೆಯಲು ಏನೂ ಸಂಕೋಚವಿಲ್ಲ. ಬೇಕಾದರೆ ಇನ್ನೊಂದು ಸಲ ಬರೆಯುತ್ತೇನೆ. ನಾನೊಬ್ಬಳೇ!

ನಿಮ್ಮ ತಾತನ ಸ್ಕೂಟರಿನ ಹಿಂದೆ, ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತೇ ಆಯುಸ್ಸು ಕಳೆದವಳು ನಾನು. ಊರಿನ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದರೆ "ಹಾಜರ್" ಎನ್ನಲೂ ನಾಚಿ, ಎದುರಿಗೇ ಕೂತು ಗೈರುಹಾಜರಾದವಳು. ಅಂಥವಳು ತಾತ ಹೋದ ಮೇಲೆ ಡ್ರೈವಿಂಗ್ ಕಲಿತು, ಲೈಸೆನ್ಸ್ ಪಡೆದು, ಗಂಗಾನಗರದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಪುಟ್ಟ ಕಾರೊಂದನ್ನು ಕೊಂಡೆ. ಕುಂಕುಮದಂಥ ಕೆಂಪು! "ಡಾಕ್ಟ್ರು ಇಟ್ಕೊಂಡಿದ್ದ ಗಾಡಿ ಅಮ್ಮ, ಹುಡುಕಿದ್ರೂ ಒಂದು ಗೀರು ಸಿಗಲ್ಲ" ಎಂದರು ಮಾರಿದವರು. ಹುಡುಕಿದೆ. ಸಿಗಲಿಲ್ಲ.

ನಿಮ್ಮಪ್ಪ ಬಂದು, ದೇವರಿಗೆ ಬರುವಂತೆ ಕಾರಿಗೆ ಪ್ರದಕ್ಷಿಣೆ ಬಂದ. ಆಮೇಲೆ ತೀರ್ಪು ಕೊಟ್ಟ.

"ಅಮ್ಮ, ಯುಗಾದಿವರೆಗೂ ಒಂದು ಗೀರೂ ಬೀಳದಂಗೆ ಓಡಿಸಿ ತೋರ್ಸು. ಆಮೇಲೆ ಮಕ್ಕಳನ್ನ ನಿನ್ ಜೊತೆ ಕಳಿಸ್ತೀನಿ. ಅಲ್ಲೀವರೆಗೂ ಬೇಡ."

ನಿಮ್ಮಿಬ್ಬರನ್ನು ಹಿಂದೆ ಕೂರಿಸಿಕೊಂಡು ತಿರುಗಾಡಬೇಕೆಂದೇ ಕಾರು ಕೊಂಡವಳಿಗೆ ಇಂಥ ಷರತ್ತು! ಆದರೂ ಒಪ್ಪಿದೆ. ಗೀರು ಬೀಳಿಸಲು ನಾನೇನು ಹುಡುಗಿಯೇ?

ಆದರೆ ನಮ್ಮ ಹೆಸರಘಟ್ಟ ರಸ್ತೆಯನ್ನು ಯಾರಾದರೂ ಎಲ್ಲಾದರೂ ಅಗೆಯುತ್ತಲೇ ಇರುತ್ತಾರೆ. ದಾರಿಯುದ್ದಕ್ಕೂ ಜಲ್ಲಿಕಲ್ಲು. ಚಕ್ರ ಅದನ್ನು ಎತ್ತಿ ಒಗೆದರೆ "ಟಣ್" ಎಂದು ಕಾರಿನ ಮೈಗೆ ಬಡಿಯುತ್ತಿತ್ತು. ಪ್ರತಿ "ಟಣ್"ಗೂ ನೀವಿಬ್ಬರು ನನ್ನಿಂದ ಒಂದೊಂದು ಮಾರು ದೂರ ಹೋದಂತೆ ಅನಿಸುತ್ತಿತ್ತು. ಮನೆಗೆ ಬಂದವಳೇ ಬಗ್ಗಿ ಬಗ್ಗಿ ನೋಡುವುದೇ ನನ್ನ ಕೆಲಸ.

ಅದನ್ನು ಕಂಡ ಪಕ್ಕದ ಮನೆಯ ಪದ್ಮಕ್ಕ ಬಾಲ್ಕನಿಯಿಂದ ಕೂಗಿದಳು. "ಚಕ್ರದ ಹಿಂದೆ ರಬ್ಬರಿನ ಮಡ್ ಫ್ಲ್ಯಾಪ್ ಹಾಕ್ಸೇ ಜಯಮ್ಮ! ಕಲ್ಲು ಅದಕ್ಕೆ ಬಡ್ಕೊಂಡು ಬಿದ್ದೋಗುತ್ತೆ."

ಯುಗಾದಿಯ ಹಿಂದಿನ ದಿನ ಪದ್ಮಕ್ಕನನ್ನು ಕೂರಿಸಿಕೊಂಡು ಆರ್.ಟಿ. ನಗರಕ್ಕೆ ಹೋದೆ. ಕಾರಿನ ಸಾಮಾನಿನ ಅಂಗಡಿ, ಸಲೀಂ ಎಂಬುವವರದು. ನನ್ನ ಸ್ವಭಾವ ನಿಮಗೆ ಗೊತ್ತು. ಅಂಗಡಿಯವರು ಕೊಟ್ಟಿದ್ದಕ್ಕೆ "ಹ್ಞೂಂ" ಎಂದು ತಂದುಬಿಡುವವಳು. ಕೊಳೆತ ಟೊಮೆಟೊ ಕಂಡರೂ ಬೇಡವೆನ್ನಲು ನಾಚಿಕೆ. ಆದರೆ ಅಂದು ಕಾರು ಓಡಿಸಿಕೊಂಡು ಬಂದ ಗತ್ತು! ಜೀವಮಾನದಲ್ಲಿ ಮೊದಲ ಸಲ ಅಂಗಡಿಯಲ್ಲಿ ಬಾಯಿಬಿಟ್ಟೆ.

ಬಿಡಬಾರದಾಗಿತ್ತು.

ಸಲೀಂ ನನ್ನ ಕಾರಿಗೆಂದೇ ಮಾಡಿದ ಚಿಕ್ಕ ಫ್ಲ್ಯಾಪುಗಳನ್ನು ತೋರಿಸಿದರು. ಮೊಣಕಾಲಿಗೆ ಉಟ್ಟ ಸೀರೆಯ ಹಾಗಿದ್ದವು. ಇಷ್ಟು ಗಿಡ್ಡ ಇದ್ದರೆ ಮಾನ ಉಳಿಯುವುದುಂಟೇ?

"ಇದಲ್ಲ, ಅದು ಕೊಡಿ" ಎಂದು ಗೋಡೆಯಲ್ಲಿ ನೇತಾಡುತ್ತಿದ್ದ ಉದ್ದನೆಯದನ್ನು ತೋರಿಸಿದೆ.

"ಅರೆ ಅಮ್ಮಾ, ಅದು ಗೂಡ್ಸ್ ಟೆಂಪೋದು!"

"ಇರಲಿ ಬಿಡಿ. ನೆಲದವರೆಗೂ ಇದ್ರೇನೇ ಸರಿ."

ಅವರು ಪದ್ಮಕ್ಕನ ಮುಖ ನೋಡಿದರು. ಪದ್ಮಕ್ಕ ಆಕಾಶ ನೋಡಿದಳು. ಸಲೀಂ ಡ್ರಿಲ್ ಯಂತ್ರ ಕೈಗೆತ್ತಿಕೊಂಡರು.

"ಅದ್ಯಾಕೆ?"

"ತೂತು ಹಾಕಿ ಸ್ಕ್ರೂ ಹೊಡೀಬೇಕಲ್ಲಮ್ಮ."

"ಗೀರು ಬೀಳಬಾರದು ಅಂತ ಬಂದ್ರೆ ತೂತು ಹಾಕ್ತೀರಾ? ಮಗೂಗೆ ಕಿವಿ ಚುಚ್ಚೋಕೂ ಒಳ್ಳೆ ದಿನ ನೋಡ್ತೀವಿ! ಅಂಟಿಸಿಬಿಡಿ."

"ಅಂಟಿಸಿದ್ರೆ..."

"ಅಂಟಿಸಿ!"

ನನ್ನ ದನಿ ನನಗೇ ಹೊಸದಾಗಿತ್ತು. ಸಲೀಂ ನಿಟ್ಟುಸಿರು ಬಿಟ್ಟು ಎರಡೂ ಬದಿಗೆ ಅಂಟು ಬಳಿದಿರುವ ದಪ್ಪ ಟೇಪು ತಂದರು. "ಆಯ್ತಮ್ಮಾ, ಟೆನ್ಷನ್ ಮಾಡ್ಕೋಬ್ಯಾಡಿ. ಈ ಟೇಪು ಎಂಥದ್ದು ಗೊತ್ತಾ? ಪೇಂಟ್ ಬಂದ್ರೂ ಇದು ಬರಲ್ಲ!"

ಕೇಳಿ ಸಂತೋಷಪಟ್ಟೆ ನೋಡಿ, ನಾನು ಎಂಥ ಜಾಣೆ!

ವಾಪಸು ಬರುವಾಗ ಕಾರಿನ ಹಿಂದೆ ಸರಕ್ ಸರಕ್ ಎಂದು ಸದ್ದು. ಯಾರೋ ಹವಾಯಿ ಚಪ್ಪಲಿ ಎಳೆದುಕೊಂಡು ಹಿಂಬಾಲಿಸಿದ ಹಾಗೆ. ನಮ್ಮ ಬೀದಿಯ ನಾಯಿಗಳು ಮನೆಯವರೆಗೂ ಮೆರವಣಿಗೆ ಬಂದವು. "ನಾಳೆ ಹಬ್ಬಕ್ಕೆ ಬೀದಿ ಗುಡಿಸೋ ಕೆಲ್ಸಾನೇ ಇಲ್ಲ ಬಿಡು" ಎಂದಳು ಪದ್ಮಕ್ಕ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೂ "ಟಣ್" ಕೇಳಿಸಿರಲಿಲ್ಲ!

ಹಬ್ಬದ ಬೆಳಿಗ್ಗೆ ನೀವೆಲ್ಲ ಬಂದಿರಿ. ನಿಮ್ಮಪ್ಪ ಕಾರಿನ ಮೈಯೆಲ್ಲ ಅಂಗೈಯಿಂದ ಸವರಿ ಪರೀಕ್ಷಿಸಿದ. ಫ್ಲ್ಯಾಪು ನೋಡಿ ಹುಬ್ಬೇರಿಸಿದ. ಕೊನೆಗೆ, "ಗೀರಿಲ್ಲ. ಆಯ್ತು, ಎಲ್ಲ ಹತ್ತಿ. ಇವತ್ತು ನಾನೂ ಜೊತೇಲಿ ಬರ್ತೀನಿ" ಎಂದ. ಹೆಸರಘಟ್ಟದ ಕಡೆಗೆ ಹೋಗಿ ಬಂದೆವಲ್ಲ, ನೆನಪಿದೆಯೇ? ಕನ್ನಡಿಯಲ್ಲಿ ನಿಮ್ಮಿಬ್ಬರ ಮುಖ ಕಾಣುತ್ತಿತ್ತು. ನನಗೆ ರಸ್ತೆಯೂ ಕಾಣುತ್ತಿತ್ತು ಎಂದು ನಿಮ್ಮಮ್ಮನಿಗೆ ಹೇಳಿ.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಅಲ್ಲಿಯವರೆಗೂ ಕಾರನ್ನು ಬೀದಿಯ ಹೊಂಗೆಮರದ ಕೆಳಗೇ ನಿಲ್ಲಿಸುತ್ತಿದ್ದೆ. ನಮ್ಮ ಗೇಟು ಕಿರಿದು, ಚರಂಡಿಯ ಮೇಲಿನ ರ‍್ಯಾಂಪೋ ಗೋಡೆ ಹತ್ತಿದಂತೆ ಕಡಿದು. ಆದರೆ ಅಂದು ಹಬ್ಬ, ಬಾಲ್ಕನಿಯಲ್ಲಿ ಪದ್ಮಕ್ಕ, ಪಕ್ಕದಲ್ಲಿ ಮಗ! ರಿವರ್ಸ್ ಹಾಕಿದೆ.

"ಅಮ್ಮ, ಮುಂದಿಂದಲೇ ತಗೋ."

"ಸುಮ್ನೆ ಕೂತ್ಕೋ."

ಒಂದೇ ಸಲಕ್ಕೆ, ಎಲ್ಲೂ ನಿಲ್ಲದೆ, ದಾರ ಹಿಡಿದಂತೆ ನೆಟ್ಟಗೆ ಏರಿಸಿದೆ. ಆಗಲೇ ಹಿಂದಿನಿಂದ "ಚರ್ರ್‌ರ್" ಎಂದಿತು. ಹಬ್ಬದ ಸೀರೆ ಹರಿದಂಥ ಸದ್ದು.

ಗೇಟಿನೊಳಗೆ ನಿಲ್ಲಿಸಿ, ಇಳಿದು ನೋಡಿದೆವು. ಒಂದು ಬದಿಯ ಉದ್ದ ರಬ್ಬರ್ ಸೆರಗು ಹಿಂದಿನ ಚಕ್ರದ ಕೆಳಗೆ ಸಿಕ್ಕಿ ಕಿತ್ತುಬಂದಿತ್ತು. ಟೇಪು ಮಾತ್ರ ಬಿಟ್ಟಿರಲಿಲ್ಲ. ಅದರ ಜೊತೆ ಬಂಪರಿನ ಕೆಂಪು ಬಣ್ಣ ಹಪ್ಪಳದ ಹಾಗೆ ಎದ್ದು ಬಂದಿತ್ತು. ಸಲೀಂ ಒಂದಕ್ಷರ ಸುಳ್ಳು ಹೇಳಿರಲಿಲ್ಲ! ಬಣ್ಣ ಹೋದ ಜಾಗದಲ್ಲಿ ಗಿಳಿಹಸಿರು ಫಳಫಳ ಹೊಳೆಯುತ್ತಿತ್ತು.

"ಅಜ್ಜೀ, ಒಳಗೆ ಇನ್ನೊಂದು ಕಾರಿದೆ!" ಎಂದು ಕಿರುಚಿದವನು ನೀನೇ, ತೇಜು.

"ಬಂಪರ್ ಬೇರೆ ಯಾವುದೋ ಕಾರಿಂದು ಅಮ್ಮ. ಎಲ್ಲೋ ಗುದ್ದಿಸಿ, ಬದಲಾಯ್ಸಿ, ಮೇಲೆ ಕೆಂಪು ಬಳಿದಿದ್ದಾರೆ" ಎಂದ ನಿಮ್ಮಪ್ಪ.

"ಮೇಲೆ ಹಣ್ಣು, ಒಳಗೆ ಕಾಯಿ ಕಣೇ ಜಯಮ್ಮ!" ಬಾಲ್ಕನಿಯ ಟೀಕೆ.

ನಾನು ಹೆತ್ತ ಮಗುವಿನಂತೆ ಕಾಪಾಡಿದ ಬಣ್ಣ ಆ ಬಂಪರಿನದೇ ಆಗಿರಲಿಲ್ಲ! ನಿಮ್ಮ ಮುಖ ನೋಡಲಾಗದೆ ಕಾರಿನ ಕೀಲಿಯನ್ನು ನಾನೇ ನಿಮ್ಮಪ್ಪನ ಮುಂದೆ ಹಿಡಿದೆ.

ಅವನು ತೆಗೆದುಕೊಳ್ಳಲಿಲ್ಲ. ಗೇಟಿನ ಎರಡೂ ಕಂಬ, ಕಾರಿನ ಎರಡೂ ಪಕ್ಕ ನೋಡಿದ. "ಅಕ್ಕಪಕ್ಕ ಗೇಣು ಜಾಗಾನೂ ಇಲ್ಲ. ಒಂದೇ ಸಲಕ್ಕೆ ಹೆಂಗ್ ಹತ್ತಿಸ್ದೆ? ನಾನಾದ್ರೆ ನಾಕು ಸಲ ಹಿಂದೆ ಮುಂದೆ ಮಾಡ್ಬೇಕು." ಆಮೇಲೆ ನಗು ತಡೆದುಕೊಂಡು, "ಷರತ್ತು ಗೀರಿಂದು. ಇದು ಸಿಪ್ಪೆ ಸುಲಿದಿರೋದು. ಭಾನುವಾರ ಮಕ್ಕಳನ್ನ ಕಳಿಸ್ತೀನಿ" ಎಂದ.

ಆ ಹಸಿರು ತೇಪೆಯನ್ನು ನಾನು ಹಾಗೇ ಬಿಟ್ಟಿದ್ದೇನೆ. ಅದನ್ನು ನೋಡಿಯೇ ಬೀದಿಯವರೆಲ್ಲ "ಜಯಮ್ಮನೋರ ಕಾರು" ಎನ್ನುತ್ತಾರೆ. ಉಳಿದ ಫ್ಲ್ಯಾಪುಗಳನ್ನು ಸಲೀಂ ಬಿಸಿಗಾಳಿ ಊದಿ, ಜೋಪಾನವಾಗಿ ಬಿಡಿಸಿ, ಗಿಡ್ಡನೆಯವನ್ನು ಸ್ಕ್ರೂ ಹೊಡೆದು ಕೂರಿಸಿದರು. ನಾನು "ಹ್ಞೂಂ" ಎಂದೆ, ಅಷ್ಟೇ.

ಹಾಗಾದರೆ ಅಜ್ಜಿ ಬಾಯಿಬಿಟ್ಟು ಕೇಳಿ ಕೊಂಡ ಆ ಉದ್ದನೆಯವು ಎಲ್ಲಿ ಹೋದವು ಎನ್ನುತ್ತೀರಾ? ನಮ್ಮ ಬಾಗಿಲ ಮುಂದೆಯೇ ಇವೆ. ಒಳಗೆ ಬರುವಾಗ ದಿನವೂ ಅವುಗಳ ಮೇಲೆಯೇ ಕಾಲು ಒರೆಸುತ್ತೀರಿ. ಚೆನ್ನಾಗಿ ಒರೆಸಿ.