ವಿಭಾಳ ಹ್ಞೂಂ ಮತ್ತು ವತ್ಸಲಾ ಆಂಟಿಯ ಗೋಡೆ

ತನ್ನ ಬಾಯಿಗೆ ಬರುವುದು ಒಂದೇ ಮಾತು, ಅದು 'ಹ್ಞೂಂ' ಎಂಬ ಚಿಂತೆ ವಿಭಾಳಿಗೆ ಹಲ್ಲುಜ್ಜುವಾಗಲೇ ಹತ್ತಿತು. ಸೋಮವಾರದಿಂದ ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ರಟ್ಟಿನ ಡಬ್ಬಗಳ ಲೆಕ್ಕ ಬರೆಯಬೇಕು. ಗೋದಾಮಿನ ಯಜಮಾನರಾದ ಜಗನ್ನಾಥ ಅಂಕಲ್ "ಬರ್ತೀಯೇನಮ್ಮ?" ಎಂದಾಗ ಹ್ಞೂಂ ಅಂದಿದ್ದಳು. ಆರ್ಟ್ ಥೆರಪಿ ಓದಬೇಕು, ನೊಂದವರ ಕೈಗೆ ಬಣ್ಣ ಕೊಟ್ಟು ಮನಸ್ಸು ಹಗುರ ಮಾಡಬೇಕು ಎಂಬ ಆಸೆ ಅವಳ ಡೈರಿಗೆ ಮಾತ್ರ ಗೊತ್ತಿತ್ತು. ಡೈರಿಯೂ ಪಾಪ ಅವಳ ಹಾಗೇ, ಬಾಯಿ ಬಿಡುವಂಥದ್ದಲ್ಲ.

ಈ ಶನಿವಾರದ ಪೀಕಲಾಟಕ್ಕೂ ಅದೇ ಹ್ಞೂಂ ಕಾರಣ. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಅಮ್ಮ, "ನಮ್ಮ ವಿಭಾ ಡಿಗ್ರಿ ಮುಗಿಸಿ ಮನೇಲಿ ಪೇಂಟಿಂಗ್ ಮಾಡ್ತಿರ್ತಾಳೆ" ಎಂದಿದ್ದರು. ಮರುದಿನವೇ, ಪೂಜೆಗೆ ಬಂದಿದ್ದ ವತ್ಸಲಾ ಆಂಟಿಯ ಫೋನು: "ನಮ್ಮ ಹಾಲಿಗೂ ಪೇಂಟಿಂಗ್ ಮಾಡಿಕೊಡಮ್ಮ."

"ಹ್ಞೂಂ ಆಂಟಿ."

ಹೂದಾನಿ ಬರೆಯಲೋ, ಹಕ್ಕಿ ಬರೆಯಲೋ ಎಂದು ಹೌನ್ಸ್ಲೋದ ತನ್ನ ಮನೆಯಿಂದ ಬಸ್ಸಿನುದ್ದಕ್ಕೂ ಯೋಚಿಸುತ್ತಾ ವಿಭಾ ಆಂಟಿಯ ಊರಾದ ಗ್ರೀನ್‌ಫರ್ಡ್ ತಲುಪಿದಳು. ಬಾಗಿಲು ತೆರೆದರೆ ಸೋಫಾದ ಮೇಲೆ ಹಳೇ ಬೆಡ್‌ಶೀಟು, ನಡುವೆ ಏಣಿ, ಪಕ್ಕದಲ್ಲಿ ಬಕೆಟ್ಟಿನಷ್ಟು ದೊಡ್ಡ ಎರಡು ಪೇಂಟ್ ಡಬ್ಬ.

"ನಿನ್ನ ಬ್ರಷ್ ಎಲ್ಲಮ್ಮ?" ಎಂದರು ಆಂಟಿಯ ಗಂಡ ಡಾಕ್ಟರ್ ಅಶ್ವತ್ಥನಾರಾಯಣ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಅನಸ್ತೇಷಿಯಾ ಕೊಟ್ಟು ಈಗಷ್ಟೇ ರಿಟೈರ್ ಆದವರು. ವಿಭಾ ತೆಗೆದು ತೋರಿಸಿದ ಬ್ರಷ್ಷನ್ನು ಕನ್ನಡಕದ ಹತ್ತಿರ ಹಿಡಿದು, "ಇದು ಗೋಡೆಗೋ, ಕಣ್ಣಿನ ರೆಪ್ಪೆಗೋ?" ಎಂದರು.

"ಗೋಡೆಗೆ ಹೊಡಿಯೋಕೆ ಬರುತ್ತೆ ತಾನೇ?" ಎಂದರು ಆಂಟಿ.

"ಹ್ಞೂಂ."

ಏಣಿ ಹತ್ತಿದ ಮೇಲೆ ನಿಜವಾದ ತಾಪತ್ರಯ ಗೊತ್ತಾಯಿತು. "ಅವರಿಗೆ ಹೇಳಮ್ಮ, ಅರಿಶಿನದ ಬಣ್ಣ ಅಂತ." "ಅವಳಿಗೆ ಹೇಳಮ್ಮ, ಬಿಳಿ ಅಂತ." ಗಂಡಹೆಂಡತಿ ನಿಂತಿದ್ದು ಒಂದೇ ಹಾಲಿನಲ್ಲಿ. ಆದರೂ ಪ್ರತಿ ಮಾತೂ ವಿಭಾಳ ಹತ್ತಿರ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ರಿಟೈರ್ ಆದವರು ಹೊತ್ತು ಹೋಗದೆ ಅಡುಗೆಮನೆಯ ಡಬ್ಬಗಳನ್ನು ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಜೋಡಿಸಿದ್ದರಂತೆ. ಒಗ್ಗರಣೆ ಎಣ್ಣೆ ಹೊಗೆಯಾಡುತ್ತಿರುವಾಗ ಸಾಸಿವೆ ಮಸ್ಟರ್ಡ್ ಆಗಿ 'ಎಂ' ಸಾಲಿನಲ್ಲಿ ಸಿಕ್ಕಿದ ದಿನ ಆಂಟಿ ಮಾತು ಬಿಟ್ಟಿದ್ದರು.

ಡಾಕ್ಟರ್ ಅಂಕಲ್ ಕಿಟಕಿಯ ಕಡೆಯಿಂದ ಬಿಳಿ ರೋಲರ್ ಎಳೆದರು. ಆಂಟಿ ಬಾಗಿಲ ಕಡೆಯಿಂದ ಹಳದಿ ಎಳೆದರು. ನಡುವೆ ಏಣಿಯ ಮೇಲಿದ್ದ ವಿಭಾ ಒಂದು ಮಗ್ಗುಲು ಮೊಸರನ್ನ, ಇನ್ನೊಂದು ಮಗ್ಗುಲು ಚಿತ್ರಾನ್ನವಾದಳು. ಪಕ್ಕದ ಮನೆಯ ಜಗನ್ನಾಥ ಅಂಕಲ್ ಟೀ ಕಪ್ಪಿನ ಸಮೇತ ಒಳಗೆ ಬಂದು, "ಮೊದಲು ಪ್ರೈಮರ್ ಕೋಟ್ ಹೊಡೆದ್ರಾ? ಇಲ್ವಾ? ಮುಗೀತು ಬಿಡಿ" ಎಂದು ಹೇಳಿ ಬಿಸ್ಕೆಟ್ ತರಲು ಹೋದರು.

"ವಿಭಾ, ನೀನೇ ಹೇಳು. ಬಿಳಿಯೋ ಹಳದಿಯೋ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಹ್ಞೂಂ ಎಂದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ! ವಿಭಾ ಏಣಿಯಿಂದ ಇಳಿದು, ತನ್ನ ಸಣ್ಣ ಬ್ರಷ್ಷುಗಳನ್ನು ಇಬ್ಬರ ಕೈಗೂ ತುರುಕಿದಳು. "ಬಾಯಲ್ಲಿ ಬೇಡ... ಮನಸ್ಸಲ್ಲಿ ಇರೋದನ್ನ ಗೋಡೆ ಮೇಲೆ ಬರೆದು ತೋರಿಸಿ. ಹೇಗಿದ್ರೂ ಮೇಲೆ ಪೇಂಟ್ ಬರುತ್ತಲ್ಲ."

ಆಂಟಿ ಸರಸರನೆ ಬರೆದದ್ದು ಅಡುಗೆಮನೆಗೆ ನುಗ್ಗಿದ ಆನೆ, ಅದಕ್ಕೊಂದು ಕನ್ನಡಕ. ಡಾಕ್ಟರ್ ಅಂಕಲ್ ಒಂದು ಕುರ್ಚಿ ಬರೆದರು. ಅದರ ಮೇಲೆ ಕೋಟು ತೊಟ್ಟ ಪುಟ್ಟ ಮನುಷ್ಯ.

"ಯಾರು ಅಂಕಲ್ ಇದು?" ಎಂದಳು ವಿಭಾ ಮೆಲ್ಲಗೆ.

"ನಾನೇ ಕಣಮ್ಮ. ಬೆಳಗ್ಗೆ ಆರಕ್ಕೇ ಎದ್ದು ರೆಡಿ ಆಗಿಬಿಡ್ತೀನಿ. ಹೋಗೋಕೆ ಎಲ್ಲೂ ಇಲ್ಲ."

ಆಂಟಿ ಹತ್ತಿರ ಬಂದು ಚಿತ್ರವನ್ನೇ ದಿಟ್ಟಿಸಿದರು. "ಕಾಲು ಯಾಕ್ರೀ ಇಷ್ಟು ಸಣ್ಣ? ಕೋಳಿ ಕಾಲಿದ್ದ ಹಾಗಿದೆ" ಎಂದರು, ನೇರವಾಗಿ, ಗಂಡನಿಗೇ. ದನಿ ಒದ್ದೆಯಾಗಿತ್ತು.

"ಆನೆಗೆ ನನ್ನ ಕನ್ನಡಕ ಯಾಕೆ ಹಾಕಿದೆ?"

"ಹಾಕದಿದ್ರೆ ಸಾಸಿವೆ ಹೇಗೆ ಹುಡುಕುತ್ತೆ?"

ಇಬ್ಬರೂ ನಗತೊಡಗಿದರು. ವಿಭಾಳ ಎದೆಯೊಳಗೆ ದೀಪ ಹಚ್ಚಿದ ಹಾಗಾಯಿತು. ಇದೇ, ತನ್ನ ಕೆಲಸ ಇದೇ! ಬಿಸ್ಕೆಟ್ ಸಮೇತ ವಾಪಸ್ ಬಂದ ಜಗನ್ನಾಥ ಅಂಕಲ್ ಮಾತ್ರ ಆನೆಯನ್ನೂ ಕುರ್ಚಿಯನ್ನೂ ನೋಡಿ, "ಓಹೋ, ಹೊಸಾ ಡಿಸೈನು!" ಎಂದು ಫೋಟೋ ಹೊಡೆದುಕೊಂಡರು.

ಆರ್ಟ್ ಥೆರಪಿಯ ಆಸೆಯನ್ನು ಇವತ್ತು ಹೇಳಿಯೇ ಬಿಡುವುದೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಾ ಮನೆಗೆ ಬಂದರೆ, ಬಾಗಿಲಲ್ಲೇ ಅಮ್ಮ ತಬ್ಬಿಕೊಂಡರು.

"ಬಂಗಾರಿ! ಸೋಮವಾರ ನೀನು ಗೋದಾಮಿಗೆ ಹೋಗಬೇಡ. ಈ ಕೈಯನ್ನ ಕಂಪ್ಯೂಟರಿಗೆ ಕಟ್ಟಿಹಾಕೋದು ಪಾಪ ಅಂತ ಜಗನ್ನಾಥ ಅವರೇ ಹೇಳಿದ್ರು. ಪೇಂಟಿಂಗೇ ನಿನ್ನ ದಾರಿ ಕಣೇ!"

ವಿಭಾಳ ಕಣ್ಣು ತುಂಬಿ ಬಂತು. ಹೇಳದೆಯೇ ಅಮ್ಮನಿಗೆ ಅರ್ಥವಾಗಿದೆ!

"ಅವರು ಫೋಟೋ ಗ್ರೂಪಿಗೆ ಹಾಕಿದ್ದೇ ತಡ, ಬರೀ ಫೋನು! ಸ್ಟ್ಯಾನ್ಮೋರಿನ ಡಾಕ್ಟರ್ ಗೋಪೀನಾಥರ ಮನೇಲಿ ಆರು ಬೆಡ್‌ರೂಮಿಗೂ ಬಣ್ಣ ಹೊಡೀಬೇಕಂತೆ, ಸೀಲಿಂಗೂ ಸೇರಿ. ಹ್ಞೂಂ ಅಂದುಬಿಟ್ಟಿದೀನಿ. ಅಪ್ಪ ಏಣಿ ತರೋಕೆ ಹೋಗಿದಾರೆ."

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಮೊದಲು ಏಣಿಯ ತುದಿ ಒಳಗೆ ಬಂತು. ಆಮೇಲೆ ಬಹಳ ಹೊತ್ತಿನ ತನಕ ಏಣಿಯೇ ಬಂತು. ಕೊನೆಗೆ ಬೆವರುತ್ತಾ ಅಪ್ಪ, "ವಾಪಸ್ ತಗೊಳಲ್ವಂತೆ. ಸರಿಯಾಗಿದೆಯಾ ಪುಟ್ಟಿ?" ಎಂದರು.

ಗಂಟಲ ತನಕ ಬಂದಿದ್ದ ಹ್ಞೂಂ ಅನ್ನು ವಿಭಾ ನುಂಗಿದಳು. ಬೀದಿಗೆಲ್ಲ ಕೇಳುವ ದನಿಯಲ್ಲಿ ಹೇಳಿದಳು:

"ಅಪ್ಪಾ, ನಾನು ಗೋಡೆಗೆ ಬಣ್ಣ ಹೊಡಿಯೋಳಲ್ಲ. ಜನರ ಕೈಗೆ ಬ್ರಷ್ ಕೊಡೋಳು."