ಬೀಗಿತ್ತಿಯನ್ನು ನನಗೆ ಗುರುವಾಗಿ ದಯಪಾಲಿಸಿದವರಿಗೆ

ಆಸ್ಪತ್ರೆಯ ಮೇಲಿನ ಮಹಡಿಯ ತಂಪು ಕೋಣೆಯಲ್ಲಿ ಕುಳಿತು ಸಿಬ್ಬಂದಿಯ ಏಳಿಗೆಗಾಗಿ ಮೆಂಟರ್ ಯೋಜನೆ ನಡೆಸುತ್ತಿರುವ ಸಂಯೋಜಕರ ಸನ್ನಿಧಾನಕ್ಕೆ, ಅದೇ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮಡಿಸುವ ವಿಭಾಗದ ಹಿರಿಯಳು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮ, ತಮ್ಮ ಏಸಿ ಕ್ಷೇಮ, ತಮ್ಮ ಯೋಜನೆಯೂ ಕ್ಷೇಮವೆಂದು ಭಾವಿಸುತ್ತೇನೆ. ಕೆಳಗಿನವರಾದ ನಾವು ಎಂದಿನಂತೆ ಹಬೆಯಲ್ಲಿ ಬೆಂದು ಹದವಾಗಿದ್ದೇವೆ. ಯೋಜನೆ ಮುಗಿಯುತ್ತ ಬಂದದ್ದರಿಂದ ‘ನಿಮ್ಮ ಅನುಭವವನ್ನು ಒಂದೇ ಪದದಲ್ಲಿ ತಿಳಿಸಿ’ ಎಂದು ತಾವು ಕೇಳಿದ್ದೀರಿ. ನನಗೆ ತಟ್ಟನೆ ತೋಚಿದ ಪದವನ್ನು ನಾಲ್ಕು ಜನ ಓಡಾಡುವ ಜಾಗದಲ್ಲಿ ಬರೆಯುವಂತಿಲ್ಲವಾದ್ದರಿಂದ, ಅದನ್ನೇ ಸ್ವಲ್ಪ ಹಿಗ್ಗಿಸಿ, ಮರ್ಯಾದೆಯ ಭಾಷೆಯಲ್ಲಿ ಬರೆದು ಕ್ಯಾಂಟೀನಿನ ನೋಟೀಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ. ತಾವು ಟೀ ಕುಡಿಯಲು ಬಂದಾಗ ಓದಿಕೊಳ್ಳಬೇಕೆಂದು ಕೋರಿಕೆ.

ಮೊದಲಿಗೆ ತಮ್ಮ ಕಂಪ್ಯೂಟರಿನ ಜಾಣತನವನ್ನು ಹೊಗಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸಿಲ್ಲ. ‘ಏನು ಕಲಿಯಬಯಸುತ್ತೀರಿ’ ಎಂಬ ಪ್ರಶ್ನೆಗೆ ನಾನು ‘ಏನೂ ಇಲ್ಲ’ ಎಂದಿದ್ದೆ. ಕೊಳೆ ಬಟ್ಟೆ ವಿಂಗಡಿಸುವ ವಿಭಾಗದ ಹಿರಿಯರೊಬ್ಬರು ‘ಏನು ಕಲಿಸಬಲ್ಲಿರಿ’ ಎಂಬುದಕ್ಕೆ ‘ಎಲ್ಲ’ ಎಂದಿದ್ದರು. ಇವರಿಬ್ಬರೂ ಒಬ್ಬರಿಗಾಗಿ ಒಬ್ಬರು ಹುಟ್ಟಿದವರೆಂದು ತಮ್ಮ ಕಂಪ್ಯೂಟರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಂಡುಹಿಡಿದು, ಅವರನ್ನು ಮೆಂಟರ್ ಮಾಡಿ, ನನ್ನನ್ನು ಅವರ ಕೈಕೆಳಗಿನ ಶಿಷ್ಯೆ ಮಾಡಿ ಗಂಟುಹಾಕಿತು. ಆ ಮಹಾತಾಯಿ ನನ್ನ ಬೀಗಿತ್ತಿ, ನನ್ನ ಒಬ್ಬಳೇ ಮಗಳನ್ನು ಅವರ ಒಬ್ಬನೇ ಮಗನಿಗೆ ಕೊಟ್ಟಿದ್ದೇನೆ ಎಂಬ ಸಣ್ಣ ಸಂಗತಿಯನ್ನು ಪಾಪ, ಅದು ಕೇಳಲಿಲ್ಲ, ನಾವು ಹೇಳಲಿಲ್ಲ.

ನಾವಿಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು ಎಂಬುದು ಲಾಂಡ್ರಿಯ ಬಕೆಟ್ಟುಗಳಿಗೂ ಗೊತ್ತು. ಕಾರಣವೇನೂ ಕ್ಷುಲ್ಲಕವಲ್ಲ. ಮದುವೆಯಾದ ಹೊಸದರಲ್ಲಿ, ಊಟದ ಬಿಡುವಿನಲ್ಲಿ, ಎಲ್ಲರ ಕಿವಿಗೂ ಬೀಳುವ ಹಾಗೆ ಅವರು, ‘ನಮ್ಮ ಸೊಸೆಗೆ ಒಂದು ಬೆಡ್‌ಶೀಟ್ ಮಡಿಸೋಕೂ ಬರಲ್ಲ ನೋಡಿ’ ಎಂದುಬಿಟ್ಟರು. ನಾಲ್ಕು ಮೂಲೆಗೂ ಎಲಾಸ್ಟಿಕ್ ಇರುವ ಶೀಟನ್ನು ಮೇಜಿಗೆ ತಾಗಿಸದೆ ಗಾಳಿಯಲ್ಲೇ ಮಡಿಸುವ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಗ್ಗೆ, ನನ್ನ ವಿಭಾಗದಲ್ಲಿ, ನನ್ನೆದುರಿಗೇ. ಅವಳಿಗೆ ಮಡಿಸಲು ಬರುವುದಿಲ್ಲ ಎಂಬುದು ನಿಜ, ಅದು ಬೇರೆ ಮಾತು. ಅಂದಿನಿಂದ ನಮ್ಮ ಸಂಭಾಷಣೆಯೆಲ್ಲ ತಳ್ಳುಗಾಡಿಗಳ ಮೂಲಕವೇ ನಡೆಯುತ್ತಿತ್ತು. ಅವರು ದಿಂಬಿನ ಕವರುಗಳ ರಾಶಿಯಲ್ಲಿ ಬೇಕೆಂದೇ ಒಂದು ಆಪರೇಷನ್ ಗೌನು ಸೇರಿಸಿ ಒಗೆಯಲು ಹಾಕುವರು, ನಾನು ಅದನ್ನು ಅಂಗೈಯಗಲಕ್ಕೆ ಮಡಿಸಿ ಅವರ ಕುರ್ಚಿಯ ಮೇಲೆ ಇಡಿಸುವೆ. ಯಾರಿಗೂ ತೊಂದರೆಯಿಲ್ಲದ, ಎಂಥ ಅಚ್ಚುಕಟ್ಟಾದ ದ್ವೇಷವಾಗಿತ್ತು ಅದು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಥವರಿಬ್ಬರನ್ನು ತಾವು ಸೋಪಿನ ಡ್ರಮ್ಮು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಎರಡು ಮೆತ್ತನೆಯ ಕುರ್ಚಿ ಹಾಕಿಸಿ, ಒಂದು ಪ್ಲಾಸ್ಟಿಕ್ ಗಿಡ ನೆಡಿಸಿ ಎದುರುಬದುರು ಕೂರಿಸಿದಿರಿ. ಮೆಂಟರ್ ಆದವರು ಸಲಹೆ ಕೊಡಕೂಡದು, ಬರೀ ಪ್ರಶ್ನೆ ಕೇಳಬೇಕು, ಕೇಳಿದ್ದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮವನ್ನೂ ಮಾಡಿದಿರಿ. ಹುಟ್ಟಿದಂದಿನಿಂದ ಸಲಹೆ ಮಾತ್ರ ಕೊಟ್ಟು ಬದುಕಿದ ಹೆಂಗಸಿಗೆ ಇದು ಉಪವಾಸದ ಶಿಕ್ಷೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಆದರೆ ಅವರು ತಮ್ಮ ತರಬೇತಿಯನ್ನು ಅರೆದು ಕುಡಿದು ಬಂದಿದ್ದರು. ನಾನು ‘ನನಗೆ ಸಿಟ್ಟು ಬರ್ತಿದೆ’ ಎಂದರೆ, ಅವರು ತಲೆಯನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸಿ, ‘ಓ, ನಿಮಗೆ ಸಿಟ್ಟು ಬರ್ತಿದೆ’ ಎನ್ನುವರು. ‘ನಿಮ್ಮ ಮೇಲೇ ರೀ’ ಎಂದರೆ, ‘ನನ್ನ ಮೇಲೆ ಬರ್ತಿದೆ. ಅದು ನಿಮ್ಮ ಕೆಲಸಕ್ಕೆ ಹೇಗೆ ಸಹಾಯ ಮಾಡುತ್ತೆ ಅನ್ಸುತ್ತೆ?’ ಎನ್ನುವರು. ಗೋಡೆಯ ಜೊತೆ ಜಗಳವಾಡಬಹುದು ಮಾನ್ಯರೇ, ತರಬೇತಿಯಾದ ಗೋಡೆಯ ಜೊತೆ ಆಗುವುದಿಲ್ಲ.

ಹೀಗಿರಲು ಒಂದು ದಿನ ಅವರು, ‘ಈ ವರ್ಷ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಏನು?’ ಎಂದು ಕೇಳಿದರು. ನನ್ನ ಗಂಡನಾಗಲಿ, ಮೇಲ್ವಿಚಾರಕರಾಗಲಿ ಇಂಥ ಪ್ರಶ್ನೆಯನ್ನು ನನಗೆ ಕೇಳಿದ್ದೇ ಇಲ್ಲ. ನಾನು ಕರಗಿಹೋದೆ. ನನ್ನ ಮಗಳಿಗೆ ತಿಂಗಳು ತುಂಬುತ್ತಿತ್ತು. ಅವಳು ಹುಟ್ಟಿದಾಗ ನನಗೆ ರಜೆ ಸಿಗದೆ, ಹಸಿ ಮೈಯಲ್ಲೇ ಕೆಲಸಕ್ಕೆ ಬಂದೆ, ಅವಳನ್ನು ಪಕ್ಕದ ಮನೆಯವರು ಎತ್ತಿ ಆಡಿಸಿದರು. ನನ್ನ ಕೂಸನ್ನು ನಾನೇ ಕೈತುಂಬ ಎತ್ತಿಕೊಂಡ ನೆನಪಿಲ್ಲ. ಅದಕ್ಕೇ ಅವಳ ಬಾಣಂತನ ನಾನೇ ಮಾಡಬೇಕು, ಮೊದಲ ತಿಂಗಳು ಪೂರ್ತಿ ಆ ಮಗು ನನ್ನ ತೋಳಿನಲ್ಲೇ ಇರಬೇಕು, ಅಷ್ಟಾದರೆ ಸಾಕು ಎಂದು ಬಾಯಿಬಿಟ್ಟೆ. ಕಣ್ಣೂ ಒರೆಸಿಕೊಂಡೆ. ‘ಅಂದ್ರೆ ನಿಮಗೆ ಒಂದು ತಿಂಗಳು ರಜೆ ಬೇಕು’ ಎಂದು ಬೀಗಿತ್ತಿಯವರು ನನ್ನ ಮಾತನ್ನು ನನಗೇ ಮರಳಿಸಿ, ಮಾರನೆಯ ಬೆಳಿಗ್ಗೆ ನನಗಿಂತ ಮುಂಚೆ ಮೇಲ್ವಿಚಾರಕರ ಬಳಿ ಹೋಗಿ, ಅದೇ ತಿಂಗಳಿಗೆ ತಮಗೆ ರಜೆ ಕೇಳಿದರು. ಶಿಷ್ಯರ ಗುರಿಯನ್ನು ಗುರುಗಳು ತಮ್ಮದೇ ಗುರಿಯೆಂದು ತಿಳಿಯಬೇಕೆಂದು ತಾವೇ ಹೇಳಿಕೊಟ್ಟದ್ದಂತೆ.

ಎರಡು ವಿಭಾಗದ ಹಿರಿಯರು ಒಟ್ಟಿಗೆ ರಜೆ ಹಾಕುವಂತಿಲ್ಲ, ಹಾಕಿದರೆ ಆಸ್ಪತ್ರೆಯ ರೋಗಿಗಳೆಲ್ಲ ಬರಿ ಹಾಸಿಗೆಯ ಮೇಲೆ ಮಲಗಬೇಕಾಗುತ್ತದೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ನಮ್ಮ ಮೇಲ್ವಿಚಾರಕರು, ‘ಒಬ್ರಿಗೆ ಕೊಡ್ತೀನಿ. ಯಾರು ಅಂತ ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ, ಹೇಗೂ ನಿಮಗೆ ಆ ರೂಮ್ ಇದೆಯಲ್ಲ’ ಎಂದು ಕೈತೊಳೆದುಕೊಂಡರು. ಆ ಮಧ್ಯಾಹ್ನ ತಮ್ಮ ಮೆತ್ತನೆಯ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ. ನಾನು ಹೆತ್ತ ತಾಯಿ ಎಂದೆ, ಅವರು ಮನೆತನದ ಮೊದಲ ಮಗು ಎಂದರು. ಮಗಳಿಗೆ ಏನು ಬೇಕೆಂದು ನನಗೆ ಗೊತ್ತು ಎಂದೆ. ಅವರು ಅಭ್ಯಾಸಬಲದಿಂದ, ‘ಅದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ಹೊಳೆಯಿತು, ಅವಳನ್ನು ಇಬ್ಬರೂ ಕೇಳಿಯೇ ಇರಲಿಲ್ಲ. ಅಲ್ಲಿಂದಲೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನಿನಗೆ ಯಾರು ಬೇಕು ಎಂದು ನಾನೇ ಕೇಳಿದೆ. ಅವಳು ಸ್ವಲ್ಪವೂ ಯೋಚಿಸಲಿಲ್ಲ. ‘ಅಮ್ಮಾ, ಬೇಜಾರು ಮಾಡ್ಕೋಬೇಡ, ಅತ್ತೆಗೂ ಹೇಳು. ನೀವಿಬ್ರೂ ಬೇಡ. ಇವರೇ ರಜೆ ಹಾಕಿದ್ದಾರೆ. ಒಂದು ತಿಂಗಳು ನಾವಿಬ್ರೇ ನೋಡ್ಕೋತೀವಿ’ ಎಂದಳು.

ಪ್ರಶ್ನೆ ಕೇಳುವುದು ಒಳ್ಳೆಯ ಅಭ್ಯಾಸವೆಂದು ಗೋಡೆ ಗೋಡೆಗೆ ಅಂಟಿಸಿದ್ದೀರಲ್ಲ ಮಾನ್ಯರೇ, ಕೇಳಿದರೆ ಉತ್ತರವೂ ಬರುತ್ತದೆ ಎಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಬರೆಸಬಾರದಿತ್ತೇ? ನಾನು ಫೋನ್ ಕೆಳಗಿಟ್ಟೆ. ಬೀಗಿತ್ತಿಯವರು ಪ್ಲಾಸ್ಟಿಕ್ ಗಿಡದ ಎಲೆಯ ಧೂಳನ್ನು ಸೆರಗಿನಿಂದ ಒರೆಸುತ್ತ ನಿಂತುಬಿಟ್ಟರು. ಆಮೇಲೆ, ತರಬೇತಿಯನ್ನೆಲ್ಲ ಮರೆತು, ‘ನೋಡಿದ್ರಾ ನಮ್ಮ ಹುಡುಗನ್ನ, ನನಗೊಂದು ಮಾತೂ ಹೇಳಿಲ್ಲ’ ಎಂದರು. ಆ ಕೋಣೆಯಲ್ಲಿ ಅವರ ಬಾಯಿಂದ ನಾನು ಕೇಳಿದ, ಮನುಷ್ಯರು ಆಡುವಂಥ ಮೊದಲ ಮಾತು ಅದು.

ಕಳೆದ ವಾರ ಮೊಮ್ಮಗಳು ಹುಟ್ಟಿದಳು. ನಮ್ಮಿಬ್ಬರಿಗೂ ಅವಳನ್ನು ನೋಡಲು ಬಿಟ್ಟರು, ಕೊಂಚ ಹೊತ್ತು ಎತ್ತಿಕೊಳ್ಳಲೂ ಬಿಟ್ಟರು, ಆಮೇಲೆ ಬಹಳ ಪ್ರೀತಿಯಿಂದ ಬಾಗಿಲವರೆಗೆ ಬಂದು ಕಳಿಸಿದರು. ಅಂದಿನಿಂದ ತಮ್ಮ ಕೋಣೆಯಲ್ಲಿ ನಾವು ಫೋನಿನ ಫೋಟೋ ಹಿಗ್ಗಿಸಿಕೊಂಡು ಮೂಗು ಯಾರದು ಎಂದು ವಾದಿಸುತ್ತೇವೆ, ಎಳೆಗೂಸನ್ನು ಎತ್ತಿಕೊಳ್ಳಲು ಬಾರದ ಅಳಿಯನನ್ನೂ, ಬಟ್ಟೆ ಮಡಿಸಲು ಬಾರದ ಸೊಸೆಯನ್ನೂ ಒಂದೇ ಕಂಠದಲ್ಲಿ ಬೈಯುತ್ತೇವೆ. ಲಾಂಡ್ರಿಯಲ್ಲಿ ಜನ ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದಾರೆ. ತಳ್ಳುಗಾಡಿಗಳು ಅಪ್ಪಟ ದಿಂಬಿನ ಕವರುಗಳನ್ನೇ ತರುತ್ತಿವೆ.

ಆದ್ದರಿಂದ ತಾವು ದಯಮಾಡಿ ನನ್ನ ಹಳೆಯ ದ್ವೇಷವನ್ನು, ಕಿತ್ತುಕೊಂಡಾಗ ಇದ್ದ ಸ್ಥಿತಿಯಲ್ಲೇ, ಸುಕ್ಕಿಲ್ಲದಂತೆ ಮರಳಿಸಬೇಕು. ಅದು ಆಗದಿದ್ದರೆ, ಇನ್ನೇನು ಮುಗಿಯಲಿರುವ ಈ ಯೋಜನೆಯನ್ನು ಆ ಮಗು ಶಾಲೆಗೆ ಹೋಗುವವರೆಗೆ ಮುಂದುವರಿಸಬೇಕು, ಏಕೆಂದರೆ ಸ್ವಂತ ಮಕ್ಕಳನ್ನು ಬೈಯಲು ಇಷ್ಟು ಮೆತ್ತನೆಯ ಕುರ್ಚಿ ನಮಗೆ ಬೇರೆಲ್ಲೂ ಸಿಗುವುದಿಲ್ಲ. ಅದೂ ಆಗದಿದ್ದರೆ, ತಮ್ಮ ಕಂಪ್ಯೂಟರಿಗೆ ಹೇಳಿ ನನ್ನ ಮೊಮ್ಮಗಳನ್ನು ನನಗೆ ಮೆಂಟರ್ ಆಗಿ ಗೊತ್ತುಮಾಡಿಸಬೇಕು. ವಾರಕ್ಕೊಂದು ಗಂಟೆ ಎದುರುಬದುರು ಕೂರುತ್ತೇವೆ, ಅವಳು ಸಲಹೆ ಕೊಡುವುದಿಲ್ಲವೆಂದು ನಾನು ಖಾತ್ರಿ ಕೊಡುತ್ತೇನೆ.

ಇಷ್ಟೆಲ್ಲ ಆದ ಮೇಲೂ ಹೇಗೋ ಉಳಿದುಕೊಂಡಿರುವ ವಿಶ್ವಾಸದೊಂದಿಗೆ,

ತಮ್ಮ ವಿಶ್ವಾಸಿ,
ಮಡಿಸುವ ವಿಭಾಗದ ಹಿರಿಯಳು

ವಿ.ಸೂ.: ಸಹಿ ಹಾಕುವಷ್ಟರಲ್ಲಿ ಅಳಿಯನ ಫೋನ್ ಬಂತು. ಹುಟ್ಟಿದಂದಿನಿಂದ ಮಗುವೂ ನಿದ್ದೆ ಮಾಡಿಲ್ಲ, ಅವನೂ ಮಾಡಿಲ್ಲವಂತೆ, ನನ್ನ ಮಗಳು ಅಳುತ್ತಿದ್ದಾಳಂತೆ. ‘ಇವತ್ತೇ ಯಾರಾದ್ರೂ ಬಂದು ಇದ್ಬಿಡಿ, ಆದ್ರೆ ಒಬ್ರೇ ಬನ್ನಿ, ಇಬ್ರಿಗೆ ಮನೇಲಿ ಜಾಗ ಇಲ್ಲ’ ಎಂದಿದ್ದಾನೆ. ಈ ಸಲ ಮೇಲ್ವಿಚಾರಕರು ಮೊದಲು ಬಂದು ಕೇಳಿದವರಿಗೇ ರಜೆ ಕೊಡುತ್ತಾರಂತೆ. ಬೀಗಿತ್ತಿಯವರು ರಬ್ಬರ್ ಬೂಟು ಕಿತ್ತೆಸೆದು, ‘ನನ್ನ ಚಪ್ಪಲಿ ಎಲ್ಲಿ, ನೋಡಿದ್ರಾ?’ ಎಂದು ಕೋಣೆಯೆಲ್ಲ ತಡಕಾಡುತ್ತಿದ್ದಾರೆ. ಎಲ್ಲಿದೆಯೆಂದು ನನಗೆ ಕಾಣುತ್ತಿದೆ. ಆದರೆ ತಮ್ಮ ನಿಯಮವನ್ನು ಮೀರಬಾರದೆಂದು, ತಲೆಯನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸಿ, ‘ಎಲ್ಲಿರಬಹುದು ಅಂತ ನಿಮಗೆ ಅನ್ಸುತ್ತೆ?’ ಎಂದು ಕೇಳಿ, ನಾನು ಹೊರಟೆ.